ಕಂಪ್ಯೂಟರ್ ಎದುರಾಳಿ ಊರು ಕಟ್ಟುವ ಲೆಕ್ಕ

ಮಾನ್ಯರೆ,

ಸಾಮ್ರಾಜ್ಯ ಕಟ್ಟುವ ಕಂಪ್ಯೂಟರ್ ಆಟಗಳ ಬಗ್ಗೆ ತಮ್ಮ ಪುರವಣಿಯಲ್ಲಿ ಬಂದ ಲೇಖನದಲ್ಲಿ, ಎದುರಾಳಿ ಕಂಪ್ಯೂಟರ್ ಆಟಗಾರನ ಮನಸ್ಸು ಓದಿಕೊಂಡು ರಾಜ್ಯ ವಿಸ್ತರಿಸುತ್ತದೆ ಎಂದಿತ್ತು. ಹಾಗೇನಿಲ್ಲ. ಬೆಳಗಾವಿ, ವಿಜಯಪುರದಿಂದ ಪುಣೆಗೆ ಎಂಜಿನಿಯರಿಂಗ್ ಓದಲು ಬಂದ ಮಕ್ಕಳು ಅದನ್ನು ನಂಬಿ, ಇದು ತಮಗೆ ನಿಲುಕದ ವಿದ್ಯೆ ಎಂದುಕೊಳ್ಳಬಾರದು.

‘ಸಿವಿಲೈಸೇಷನ್’ ಮಾದರಿಯ ಆಟದಲ್ಲಿ ಕಂಪ್ಯೂಟರ್ ತನಗೆ ಕಂಡಿರುವ ನಕ್ಷೆಯ ಮನೆಮನೆಗೂ, ಎಂದರೆ ಅದನ್ನು ಭಾಗಿಸಿದ ಒಂದೊಂದು ಖಾನೆಗೂ, ಅಂಕ ಹಾಕುತ್ತದೆ. 1991ರ ಮೊದಲ ಆವೃತ್ತಿಯಲ್ಲಿ ಒಂದು ನಗರದ ವ್ಯಾಪ್ತಿ 21 ಮನೆ. 2010ರ ಐದನೆಯ ಆವೃತ್ತಿಯ ಷಟ್ಕೋನ ನಕ್ಷೆಯಲ್ಲಿ 37. ಆ ಮನೆಗಳ ಆಹಾರ, ಉತ್ಪಾದನೆ, ಹಣ ಇವನ್ನು ಬೇರೆ ಬೇರೆ ತೂಕದಿಂದ ಗುಣಿಸಿ ಕೂಡಿಸಲಾಗುತ್ತದೆ. ನದಿಯಿದ್ದರೆ ಅಂಕ ಏರುತ್ತದೆ. ಪುಣೆಯ ಮುಳಾ–ಮುಠಾ ನದಿಗಳ ಸಂಗಮದಂಥ ಜಾಗ ಪಟ್ಟಿಯಲ್ಲಿ ಮೇಲೆ ಬರುವುದು ಹೀಗೆ. ರಾಜಧಾನಿಯಿಂದ ದೂರ, ತನ್ನದೇ ಇನ್ನೊಂದು ಊರಿನ ಜತೆ ಹಂಚಿಕೊಳ್ಳಬೇಕಾದ ಮನೆಗಳು, ಪಕ್ಕದ ರಾಜ್ಯದ ಗಡಿ ಇವೆಲ್ಲ ಕಳೆಯುವ ಬಾಬತ್ತು.

ಎಷ್ಟು ಊರು ಕಟ್ಟಬೇಕೆಂಬುದನ್ನು ಕಂಪ್ಯೂಟರ್ ಆಡಿಸುವ ರಾಜ್ಯದ ನಾಯಕನ ಸ್ವಭಾವ ಹೇಳುತ್ತದೆ. ಐದನೆಯ ಆವೃತ್ತಿಯಲ್ಲಿ ವಿಸ್ತರಣೆ, ಬೆಳವಣಿಗೆ, ದಾಳಿ ಮುಂತಾದವಕ್ಕೆ ಒಬ್ಬೊಬ್ಬ ನಾಯಕನಿಗೂ ಹತ್ತರ ಅಳತೆಯಲ್ಲಿ ಒಂದೊಂದು ಅಂಕಿ ಇದೆ. ಪ್ರತಿ ಆಟದ ಆರಂಭದಲ್ಲಿ ಅದು ಎರಡರವರೆಗೆ ಹೆಚ್ಚು ಕಡಿಮೆಯಾಗುತ್ತದೆ. ಒಂದೇ ನಾಯಕ ಒಂದು ಆಟದಲ್ಲಿ ಹಬ್ಬಿ, ಮತ್ತೊಂದರಲ್ಲಿ ಸುಮ್ಮನಿರುವುದಕ್ಕೆ ಇದೂ ಒಂದು ಕಾರಣ. ಇದೇ ಆವೃತ್ತಿಯಲ್ಲಿ ಭಾರತದ ನಾಯಕ ಗಾಂಧಿಯ ಅಣ್ವಸ್ತ್ರ ಬಳಕೆಯ ಅಂಕಿ ಹತ್ತರ ಅಳತೆಯನ್ನೂ ಮೀರಿ 12, ಅದೂ ಬೇಕೆಂದೇ ಇಟ್ಟದ್ದು. 1991ರ ಆಟದಲ್ಲಿ ಪ್ರೋಗ್ರಾಂ ದೋಷದಿಂದ ಗಾಂಧಿ ಅಣ್ವಸ್ತ್ರಪ್ರಿಯನಾದನೆಂಬ ಜನಜನಿತ ಕಥೆಯನ್ನು ಆಟದ ಜನಕ ಸಿಡ್ ಮೇಯರ್ 2020ರಲ್ಲಿ ಅಲ್ಲಗಳೆದಿದ್ದಾರೆ.

ನಿಜವಾಗಿ ಕಷ್ಟ ಕೊಡುವುದು ಆಮೇಲಿನ ಕೆಲಸ. ಹೊಸ ಊರು ಕಟ್ಟಲು ವಲಸೆಗಾರರ ತಂಡ ಹೊರಟಿರುತ್ತದೆ; ಗುರಿಯ ಹತ್ತಿರ ಶತ್ರು ಸೈನಿಕ ಕಂಡೊಡನೆ ಅಲ್ಲಿನ ಅಂಕ ಬಿದ್ದು ತಂಡ ಹಿಂದಿರುಗುತ್ತದೆ. ಎರಡು ಹೆಜ್ಜೆ ಹಿಂದೆ ಬಂದರೆ ಸೈನಿಕ ಮರೆಯಾಗಿ ಅಂಕ ಮತ್ತೆ ಏರುತ್ತದೆ, ತಂಡ ಮತ್ತೆ ಅತ್ತ ಹೊರಡುತ್ತದೆ. ಹೀಗೇ ಹತ್ತಾರು ಸರದಿ ವ್ಯರ್ಥ. ಪರಿಹಾರ ಎರಡು: ಕಂಡ ಅಪಾಯವನ್ನು ನಾಲ್ಕೈದು ಸರದಿಯಾದರೂ ನೆನಪಿನಲ್ಲಿಡಬೇಕು, ಹೊಸ ಜಾಗ ಹಳೆಯದಕ್ಕಿಂತ ಶೇ 20ರಷ್ಟಾದರೂ ಮೇಲಾಗಿದ್ದರೆ ಮಾತ್ರ ಗುರಿ ಬದಲಿಸಬೇಕು. ಗುರಿಯನ್ನು ಕಾಯ್ದಿರಿಸದಿದ್ದರೆ ಎರಡು ತಂಡಗಳು ಒಂದೇ ಜಾಗಕ್ಕೆ ಹೋಗಿ ಒಂದು ವ್ಯರ್ಥವಾಗುತ್ತದೆ. ದೂರದ ತೂಕ ತೀರಾ ಕಡಿಮೆಯಾದರೆ ಕಾವಲಿಗೆ ಎಟುಕದ ಹಿಮಪ್ರದೇಶದಲ್ಲಿ ಊರು ಏಳುತ್ತದೆ. ನಾಲ್ಕನೆಯ ಆವೃತ್ತಿಯಲ್ಲಂತೂ ದೂರ ಮತ್ತು ಊರುಗಳ ಸಂಖ್ಯೆ ಎರಡರ ಮೇಲೂ ನಿರ್ವಹಣಾ ವೆಚ್ಚ ಬೀಳುವುದರಿಂದ, ಖಜಾನೆ ನೋಡದೆ ಹಬ್ಬಿದ ರಾಜ್ಯ ವಿದ್ಯೆಯಲ್ಲಿ ಹಿಂದೆ ಬೀಳುತ್ತದೆ.

ಕಠಿಣ ಮಟ್ಟ ಆರಿಸಿದರೆ ಕಂಪ್ಯೂಟರ್ ಜಾಣನಾಗುತ್ತದೆ ಎಂಬ ಮಾತೂ ಲೇಖನದಲ್ಲಿತ್ತು. ಆರನೆಯ ಆವೃತ್ತಿಯ ಅತಿ ಕಠಿಣ ಮಟ್ಟದಲ್ಲಿ ಅದಕ್ಕೆ ಸಿಗುವುದು ಒಂದರ ಬದಲು ಮೂರು ವಲಸೆಗಾರರ ತಂಡ, ಯುದ್ಧದಲ್ಲಿ 4 ಅಂಕದ ಹೆಚ್ಚುವರಿ ಬಲ, ಉತ್ಪಾದನೆಯಲ್ಲಿ ಹೆಚ್ಚಳ. ಅದು ಬೇಗ ಹಬ್ಬುವುದು ಈ ಬಂಡವಾಳದಿಂದ.

ಆಸಕ್ತರಿಗೆ ‘ಫ್ರೀಸಿವ್’ ಇದೆ. ಡೆನ್ಮಾರ್ಕಿನ ಆರ್ಹುಸ್ ವಿಶ್ವವಿದ್ಯಾಲಯದ ಮೂವರು ವಿದ್ಯಾರ್ಥಿಗಳು 1995ರಲ್ಲಿ ಆರಂಭಿಸಿದ ಈ ಆಟದ ಸಿ ಭಾಷೆಯ ಕೋಡ್ ಎಲ್ಲರಿಗೂ ಮುಕ್ತ. ಒಂದೇ ನಕ್ಷೆಯಲ್ಲಿ, ಒಂದು ತೂಕವನ್ನಷ್ಟೇ ಬದಲಿಸಿ, 100 ಸರದಿ ಓಡಿಸಿ ಊರುಗಳನ್ನು ಎಣಿಸಿ ನೋಡಬಹುದು. ಇಂಥ ಪ್ರಯೋಗಗಳಿಗೆ ತಮ್ಮ ಪುರವಣಿ ತಿಂಗಳಿಗೊಮ್ಮೆ ಅರ್ಧ ಪುಟ ಕೊಡಬೇಕೆಂದು ಕೋರುತ್ತೇವೆ.

– ಕೆಲವು ಕನ್ನಡಿಗ ಗೇಮ್ ಪ್ರೋಗ್ರಾಮರ್‌ಗಳು, ಕೋಥ್ರೂಡ್, ಪುಣೆ