ನಾನ್‌ಸ್ಟಿಕ್ ಕಾವಲಿ ಮೇಲೆ ಕನ್ನಡದಲ್ಲಿ ಒಂದು ಸಾಲು ಬೇಕು

ಸಂಪಾದಕರಿಗೆ ನಮಸ್ಕಾರ.

ನಾನ್‌ಸ್ಟಿಕ್ ಪಾತ್ರೆಗಳೆಲ್ಲ ವಿಷ, ಇವತ್ತೇ ಬಿಸಾಕಿ ಎಂದು ಓದುಗರೊಬ್ಬರು ಕಳೆದ ವಾರ ಬರೆದಿದ್ದರು. ಅವರ ಆತಂಕ ಅರ್ಥವಾಗುತ್ತದೆ. ನಾನು ಪೀಣ್ಯದಲ್ಲಿ ಲೋಹಕ್ಕೆ ನಾನ್‌ಸ್ಟಿಕ್ ಲೇಪ ಹಚ್ಚುವ ಕೋಟಿಂಗ್ ಶೆಡ್ಡೊಂದರಲ್ಲಿ 22 ವರ್ಷ ಕೆಲಸ ಮಾಡಿದವನು. ಕಂಡದ್ದನ್ನು ಹೇಳುತ್ತೇನೆ.

ನಮ್ಮಲ್ಲಿಗೆ ಅಡುಗೆ ಪಾತ್ರೆ ಬರುತ್ತಿದ್ದದ್ದೇ ಕಡಿಮೆ. ಬೇಕರಿಯವರ ಬ್ರೆಡ್ ಟಿನ್, ಪ್ಯಾಕಿಂಗ್ ಮಶೀನಿನ ಸೀಲಿಂಗ್ ಬಾರ್, ರೋಲರ್, ರಬ್ಬರ್ ಅಚ್ಚು, ಇವೇ ಜಾಸ್ತಿ. ಮೊದಲು ಬ್ಲಾಸ್ಟಿಂಗ್ ಮಾಡಿ, ಅಂದರೆ ಮರಳಿನಂಥ ಪುಡಿಯನ್ನು ಜೋರಾಗಿ ಚಿಮ್ಮಿಸಿ, ಲೋಹದ ಮೈಯನ್ನು ಒರಟು ಮಾಡುತ್ತಿದ್ದೆವು. ಯಾವುದಕ್ಕೂ ಅಂಟದ ಈ ಟೆಫ್ಲಾನ್ ಎಂಬ ವಸ್ತು ಲೋಹಕ್ಕೆ ಮಾತ್ರ ಅಂಟಬೇಕಲ್ವಾ? ಆ ಒರಟಿನ ಸಂದಿಗಳಲ್ಲಿ ಪ್ರೈಮರ್ ಎಂಬ ಮೊದಲ ಲೇಪ ಹಿಡಿದು ಕೂರುತ್ತದೆ. ಅದರ ಮೇಲೆ ಟಾಪ್ ಕೋಟ್ ಸ್ಪ್ರೇ ಮಾಡಿ, ಸುಮಾರು 400 ಡಿಗ್ರಿಯ ಓವನ್ನಿನಲ್ಲಿ ಕೆಲವು ನಿಮಿಷ ಬೇಯಿಸಬೇಕು. ಬರುವ ಹೊಗೆಯನ್ನು ಎಕ್ಸಾಸ್ಟ್ ಎಳೆದು ಹೊರಗೆ ಹಾಕುತ್ತದೆ. ಅಡುಗೆಮನೆಯಲ್ಲಿ ಅಂಥ ಎಕ್ಸಾಸ್ಟ್ ಎಲ್ಲಿದೆ?

ಗಾರ್ಮೆಂಟ್ಸ್‌ಗೆ ಹೋಗುವ ಹೆಣ್ಣುಮಕ್ಕಳಿಗೆ ಇಸ್ತ್ರಿಪೆಟ್ಟಿಗೆಯ ಅಡಿಗೆ ಹಾಕುವ ಟೆಫ್ಲಾನ್ ಶೂ ಗೊತ್ತು. ಬಟ್ಟೆ ಮೇಲೆ ಹೊಳಪು ಕಲೆ ಬೀಳದಿರಲಿ ಅಂತ ಅದು. ಪ್ಲಂಬರ್ ನಲ್ಲಿಯ ಥ್ರೆಡ್ಡಿಗೆ ಸುತ್ತುವ ಬಿಳಿ ಟೇಪೂ ಇದೇ ವಸ್ತು. ಡಾಕ್ಟರುಗಳು ಹಾಕುವ ಕೃತಕ ರಕ್ತನಾಳಗಳಲ್ಲೂ ಇದನ್ನು ಬಳಸುತ್ತಾರೆ. ಹಾಗಾಗಿ ಕಾವಲಿಯಿಂದ ಎದ್ದ ಚಕ್ಕೆಯೊಂದು ದೋಸೆ ಜೊತೆ ಹೊಟ್ಟೆಗೆ ಹೋದರೆ ಗಾಬರಿಯಾಗಬೇಡಿ. ಅದು ಕರಗದೆ ಹಾಗೇ ಹೊರಗೆ ಹೋಗುತ್ತದೆ.

ಇದನ್ನು ಯಾರೂ ಹುಡುಕಿಕೊಂಡು ಹೋಗಿರಲಿಲ್ಲ. ಅಮೆರಿಕದ ನ್ಯೂಜೆರ್ಸಿಯಲ್ಲಿ ಡುಪಾಂಟ್ ಕಂಪನಿಯ ರಾಯ್ ಪ್ಲಂಕೆಟ್ ಫ್ರಿಜ್‌ಗೆ ಹಾಕುವ ಹೊಸ ಗ್ಯಾಸಿನ ಕೆಲಸದಲ್ಲಿದ್ದರು. 1938ರ ಏಪ್ರಿಲ್ 6ರಂದು ಸಿಲಿಂಡರಿನ ವಾಲ್ವ್ ತಿರುಗಿಸಿದರೆ ಗ್ಯಾಸೇ ಬರಲಿಲ್ಲ. ತೂಕ ನೋಡಿದರೆ ಖಾಲಿಯಾಗಿಲ್ಲ. ಗರಗಸದಿಂದ ಕೊಯ್ದು ನೋಡಿದರು, ಒಳಗೆ ಮೇಣದಂಥ ಬಿಳಿ ಪುಡಿ! ಗ್ಯಾಸು ತಾನೇ ಗಟ್ಟಿಯಾಗಿ ಪ್ಲಾಸ್ಟಿಕ್ ಆಗಿತ್ತು. ಯುದ್ಧದ ಕಾಲದಲ್ಲಿ ಅಣುಬಾಂಬ್ ಯೋಜನೆಯಲ್ಲಿ ಯುರೇನಿಯಂ ಗ್ಯಾಸು ಸಿಕ್ಕಿದ್ದನ್ನೆಲ್ಲ ತಿಂದುಹಾಕುತ್ತಿತ್ತು. ಅದನ್ನು ತಡೆದ ಗ್ಯಾಸ್ಕೆಟ್ಟು, ವಾಲ್ವುಗಳು ಇದರದ್ದೇ. ಅಡುಗೆಮನೆಗೆ ಬಂದದ್ದು 1954ರ ನಂತರ. ಫ್ರಾನ್ಸಿನ ಮಾರ್ಕ್ ಗ್ರೆಗ್ವಾರ್ ಮೀನಿನ ಗಾಳದ ಸಾಮಾನಿಗೆ ಇದನ್ನು ಬಳಿಯುತ್ತಿದ್ದರು. ನನ್ನ ಬಾಣಲೆಗೂ ಬಳಿದು ಕೊಡಿ ಎಂದು ಕೇಳಿದ್ದು ಅವರ ಹೆಂಡತಿ ಕೊಲೆಟ್.

ಹಾಗಾದರೆ ತೊಂದರೆ ಎಲ್ಲಿದೆ? ಕಾವಿನಲ್ಲಿ. ಸುಮಾರು 260 ಡಿಗ್ರಿವರೆಗೆ ಈ ಲೇಪ ತಡೆದುಕೊಳ್ಳುತ್ತದೆ. ಆಮೇಲೆ ನಿಧಾನವಾಗಿ ಕೆಡಲು ಶುರುವಾಗುತ್ತದೆ, 350 ದಾಟಿದರೆ ಜೋರಾಗಿ ವಿಷದ ಹೊಗೆ ಬಿಡುತ್ತದೆ. ಒಲೆ ಜೋರು ಮಾಡಿ ಖಾಲಿ ಕಾವಲಿ ಇಟ್ಟರೆ ಕೆಲವೇ ನಿಮಿಷದಲ್ಲಿ 260 ಮುಟ್ಟುತ್ತದೆ. ಕಬ್ಬಿಣದ ಹಂಚನ್ನು ಚೆನ್ನಾಗಿ ಕಾಯಿಸಿಯೇ ದೋಸೆ ಹುಯ್ಯುವುದು ನಮಗೆ ರೂಢಿ. ಆ ರೂಢಿಯೇ ಇಲ್ಲಿ ಕೈಕೊಡುತ್ತದೆ.

ಮೂರು ವರ್ಷದ ಹಿಂದೆ ರಾಜಾಜಿನಗರದ ನಮ್ಮ ಅಕ್ಕನ ಮನೆಯಲ್ಲಿ ಹೀಗೇ ಆಯಿತು. ಕಾವಲಿ ಇಟ್ಟು, ಫೋನ್ ಬಂತು ಅಂತ ಅಕ್ಕ ಹಾಲಿಗೆ ಹೋದರು. ಅಡುಗೆಮನೆ ಪಕ್ಕದಲ್ಲೇ ಲವ್ ಬರ್ಡ್ಸ್ ಪಂಜರ. ವಾಪಸ್ ಬರುವಷ್ಟರಲ್ಲಿ ಎರಡೂ ಹಕ್ಕಿ ಪಂಜರದ ತಳದಲ್ಲಿ ಬಿದ್ದಿದ್ದವು. ಮೊಮ್ಮಗಳು ಎರಡು ದಿನ ಊಟ ಬಿಟ್ಟಳು. ಹಕ್ಕಿಗಳ ಶ್ವಾಸಕೋಶ ಬಲು ಸೂಕ್ಷ್ಮ, ಈ ಹೊಗೆ ಅವಕ್ಕೆ ಸಾವೇ. ಡಬ್ಬದೊಳಗಿನ ಚೀಟಿ ತೆಗೆದು ನೋಡಿದೆ. ಖಾಲಿ ಇಟ್ಟು ಕಾಯಿಸಬೇಡಿ ಎಂದು ಅದರಲ್ಲಿ ಇತ್ತು. ಇಂಗ್ಲಿಷಿನಲ್ಲಿ, ಇರುವೆ ಗಾತ್ರದ ಅಕ್ಷರದಲ್ಲಿ. ನಮ್ಮಕ್ಕನಿಗೆ ಇಂಗ್ಲಿಷ್ ಓದಲು ಬರುವುದಿಲ್ಲ.

ಶೆಡ್ಡಿನಲ್ಲೂ ಇದೇ ಕಥೆ. ನಾನು ಹೊಸದಾಗಿ ಸೇರಿದಾಗ ಟೀ ಟೈಮಿನಲ್ಲಿ ಕೈ ತೊಳೆಯದೆ ಬೀಡಿ ಹಚ್ಚುತ್ತಿದ್ದೆ. ಬೆರಳಿನ ಪುಡಿ ಬೀಡಿಗೆ ಮೆತ್ತಿ, ಬೆಂಕಿಗೆ ಸುಟ್ಟು ಎದೆಗೆ ಹೋಗುತ್ತಿತ್ತು. ರಾತ್ರಿ ಚಳಿಜ್ವರ, ಮೈಕೈ ನೋವು, ಎದೆ ಬಿಗಿತ. ಒಂದೆರಡು ದಿನಕ್ಕೆ ತಾನೇ ಬಿಡುತ್ತಿತ್ತು. ಮಳೆಗೆ ನೆನೆದಿರಬೇಕು ಅಂದುಕೊಂಡು ಸುಮ್ನೆ ಇದ್ದೆ. ಈ ಜ್ವರಕ್ಕೆ ವೈದ್ಯರ ಪುಸ್ತಕದಲ್ಲಿ ಪಾಲಿಮರ್ ಫ್ಯೂಮ್ ಫೀವರ್ ಎಂಬ ಹೆಸರೇ ಇದೆ ಅಂತ ಗೊತ್ತಾಗಲು ನನಗೆ ಆರು ವರ್ಷ ಬೇಕಾಯಿತು.

ಕಳೆದ ವಾರದ ಪತ್ರದಲ್ಲಿ ಒಂದು ಮಾತು ಸರಿಯಾಗಿದೆ. ಈ ವಸ್ತುವನ್ನು ತಯಾರಿಸುವಾಗ ಹಿಂದೆ ಬಳಸುತ್ತಿದ್ದ ಪಿಎಫ್‌ಒಎ ಎಂಬ ರಾಸಾಯನಿಕ ನಿಜಕ್ಕೂ ಅಪಾಯಕಾರಿ. ಅಮೆರಿಕದ ಪಾರ್ಕರ್ಸ್‌ಬರ್ಗ್ ಬಳಿಯ ಡುಪಾಂಟ್ ಕಾರ್ಖಾನೆಯಿಂದ ಸುತ್ತಮುತ್ತಲಿನ ಜನರ ಕುಡಿಯುವ ನೀರಿಗೇ ಅದು ಸೇರಿತ್ತು. 2017ರಲ್ಲಿ ಡುಪಾಂಟ್ ಕಡೆಯವರು ಸುಮಾರು 67 ಕೋಟಿ ಡಾಲರ್ ಕೊಟ್ಟು ಕೇಸು ಇತ್ಯರ್ಥ ಮಾಡಿಕೊಳ್ಳಬೇಕಾಯಿತು. 2019ರಲ್ಲಿ, ಅಪಾಯಕಾರಿ ರಾಸಾಯನಿಕಗಳನ್ನು ತಡೆಯಲು ದೇಶಗಳು ಮಾಡಿಕೊಂಡ ಸ್ಟಾಕ್‌ಹೋಮ್ ಒಪ್ಪಂದದ ನಿಷೇಧದ ಪಟ್ಟಿಗೂ ಅದು ಸೇರಿತು. ಅದರ ನೋವು ಹೆಚ್ಚಾಗಿ ಬಿದ್ದದ್ದು ಕಾರ್ಖಾನೆಯ ಕೆಲಸಗಾರರ ಮೇಲೆ, ಆ ನೀರು ಕುಡಿದವರ ಮೇಲೆ.

ನಾನು ಕೇಳುವುದು ದೊಡ್ಡದೇನಲ್ಲ. ಕರ್ನಾಟಕದಲ್ಲಿ ಮಾರುವ ಪ್ರತಿ ನಾನ್‌ಸ್ಟಿಕ್ ಪಾತ್ರೆಯ ತಳದಲ್ಲಿ, ಕಣ್ಣಿಗೆ ಕಾಣುವಂತೆ, "ಖಾಲಿ ಇಟ್ಟು ಕಾಯಿಸಬೇಡಿ, ಉರಿ ಸಣ್ಣಗಿರಲಿ" ಎಂದು ಕನ್ನಡದಲ್ಲಿ ಅಚ್ಚು ಹಾಕಲಿ. ಕೋಟಿಂಗ್ ಶೆಡ್ಡುಗಳಲ್ಲಿ ಕೈ ತೊಳೆಯುವ ನಲ್ಲಿ ಹತ್ತಿರ "ಕೈ ತೊಳೆಯದೆ ಬೀಡಿ ಸಿಗರೇಟು ಮುಟ್ಟಬೇಡಿ" ಎಂಬ ಬೋರ್ಡು ಬರಲಿ. ಅಲ್ಲಿ ಈಗ ಉತ್ತರದ ಹುಡುಗರೂ ಬಹಳ ಜನ ಇದ್ದಾರೆ, ಕೆಳಗೆ ಹಿಂದಿಯಲ್ಲೂ ಬರೆಯಲಿ. ಕಾರ್ಮಿಕ ಇಲಾಖೆ ಮತ್ತು ಪಾತ್ರೆ ತಯಾರಕರು ಈ ಪತ್ರವನ್ನು ದಯವಿಟ್ಟು ಗಮನಿಸಬೇಕು.

– ನಿವೃತ್ತ ಕೋಟಿಂಗ್ ಕೆಲಸಗಾರ, ಪೀಣ್ಯ, ಬೆಂಗಳೂರು