‘ಗ್ಲೂಕೋಸ್‌ನಲ್ಲೂ ಹಾಕಿ ನೋಡಿದ್ಯಾ?’
ಮೊನ್ನೆ ಪಿಎಚ್‌ಡಿಯ ವೈವಾ ಮುಗಿಯಿತು. ಆರು ವರ್ಷ ಯೀಸ್ಟ್ ವಾಸನೆ ಹೊತ್ತು ಮನೆಗೆ ಬರುತ್ತಿದ್ದವಳ ಹೆಸರಿನ ಮುಂದೆ ‘ಡಾ.’ ಸೇರಿತು. ಫೋನ್ ಮಾಡಿದವರೆಲ್ಲ ಕೇಳಿದ್ದು ಒಂದೇ ಮಾತು: ‘ಅಷ್ಟು ವರ್ಷ ಮಾಡಿದ್ದಾದರೂ ಏನೇ?’

ಅಮ್ಮನಿಗೆ ಹೇಳಿದ ಹಾಗೆಯೇ ಹೇಳುತ್ತೇನೆ. ಪೆಪ್ಟೈಡ್ ಅಂದರೆ ಅಮೈನೋ ಆಮ್ಲಗಳ ಚಿಕ್ಕ ಸರ. ತುದಿ ಸಿಕ್ಕರೆ ಸಾಕು, ಕೋಶದ ಕಿಣ್ವಗಳು ಅಲ್ಲಿಂದಲೇ ಕಡಿಯಲು ಶುರು ಮಾಡುತ್ತವೆ. ಎರಡೂ ತುದಿ ಸೇರಿಸಿ ಬಳೆ ಮಾಡಿದರೆ ಜಾಸ್ತಿ ಹೊತ್ತು ಬಾಳುತ್ತದೆ. ಈ ಬಳೆಯನ್ನು ಕೋಶದ ಒಳಗೇ ಮಾಡಿಸಬಹುದು. ನೀಲಿ-ಹಸಿರು ಪಾಚಿಯಿಂದ ತಂದ ಇಂಟೀನ್ ಎಂಬ ಪ್ರೋಟೀನಿನ ಎರಡು ತುಂಡುಗಳನ್ನು ಸರದ ಆ ಕಡೆ ಈ ಕಡೆ ಇಡುತ್ತೇವೆ. ಅವು ಒಂದನ್ನೊಂದು ಹಿಡಿದು, ಸರಕ್ಕೆ ಗಂಟು ಹಾಕಿ, ತಾವು ಕಳಚಿಕೊಳ್ಳುತ್ತವೆ. 1999ರಲ್ಲಿ ಅಮೆರಿಕದ ಪೆನ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ವಿಜ್ಞಾನಿ ಬೆಂಕೋವಿಕ್ ಅವರ ತಂಡ ತೋರಿಸಿದ ಉಪಾಯ ಇದು.

‘ಮದುವೆ ಬ್ರೋಕರ್ ಥರ ಅನ್ನು’ ಅಂದಳು ಅಮ್ಮ. ನನ್ನ ಥೀಸಿಸ್‌ನಲ್ಲೂ ಇಷ್ಟು ಚೆನ್ನಾಗಿ ಬರೆದಿಲ್ಲ.

ನನ್ನ ಯೀಸ್ಟ್‌ನಲ್ಲಿ ಎರಡು ಪ್ರೋಟೀನ್ ಕೈ ಹಿಡಿದುಕೊಂಡರೆ ಯುಆರ್‌ಎ3 ಎಂಬ ಜೀನ್ ಆನ್ ಆಗುತ್ತದೆ. ಆನ್ ಆದರೆ, ತಟ್ಟೆಗೆ ಬೆರೆಸಿದ 5-ಎಫ್‌ಒಎ ಎಂಬ ರಾಸಾಯನಿಕ ವಿಷವಾಗಿ ಯೀಸ್ಟ್ ಸಾಯುತ್ತದೆ. ಆ ಕೈ ಬಿಡಿಸುವ ಬಳೆ ಇದ್ದರೆ ಜೀನ್ ಆಫ್, ಯೀಸ್ಟ್ ಬಚಾವ್. ಐದು ಜಾಗಕ್ಕೆ 20 ಅಮೈನೋ ಆಮ್ಲಗಳಲ್ಲಿ ಯಾವುದನ್ನಾದರೂ ಕೂರಿಸಬಹುದು ಅಂದರೆ 32 ಲಕ್ಷ ಬಳೆ. ಕೆಲಸಕ್ಕೆ ಬರುವ ಒಂದೆರಡನ್ನು ಅದರೊಳಗಿಂದ ಹೆಕ್ಕಬೇಕು.

ಮೂರನೇ ವರ್ಷ ಒಂದು ಬೆಳಗ್ಗೆ 30 ಡಿಗ್ರಿಯ ಇನ್‌ಕ್ಯುಬೇಟರ್ ತೆಗೆದರೆ, ತಟ್ಟೆ ತುಂಬ ಸಬ್ಬಕ್ಕಿ ಚೆಲ್ಲಿದ ಹಾಗೆ ಬದುಕಿದ ಯೀಸ್ಟ್‌ನ ಗುಂಪುಗಳು, ಅಂದರೆ ಕಾಲೊನಿಗಳು. ಎಣಿಸಿದೆ, 41. ಲ್ಯಾಬಿಗೆಲ್ಲ ಮೈಸೂರು ಪಾಕ್ ಹಂಚಿದೆ. ಪಕ್ಕದ ಬೆಂಚಿನ ಅಕ್ಕ ಬಾಯಲ್ಲಿ ತುಂಡು ಇಟ್ಟುಕೊಂಡೇ ಕೇಳಿದರು: ‘ಗ್ಲೂಕೋಸ್‌ನಲ್ಲೂ ಹಾಕಿ ನೋಡಿದ್ಯಾ?’

ನೋಡಿರಲಿಲ್ಲ. ಬಳೆ ತಯಾರಾಗುವುದು ಗ್ಯಾಲಕ್ಟೋಸ್ ಎಂಬ ಸಕ್ಕರೆ ಕೊಟ್ಟಾಗ ಮಾತ್ರ. ಗ್ಲೂಕೋಸ್‌ನಲ್ಲಿ ಬಳೆ ಇಲ್ಲ, ಹಾಗಾಗಿ ಯೀಸ್ಟ್ ಸಾಯಲೇಬೇಕು. ಮೂರು ದಿನ ಬಿಟ್ಟು ನೋಡಿದರೆ 41ಕ್ಕೆ 41ೂ ಆರಾಮಾಗಿ ಬೆಳೆದಿದ್ದವು. ಯುಆರ್‌ಎ3 ಜೀನೇ ಕೆಟ್ಟುಹೋಗಿ ಬದುಕಿಕೊಂಡಿದ್ದವು. ಬಳೆಯ ಪಾತ್ರ ಸೊನ್ನೆ.

ಅಕ್ಕಾ, ಆ ಪ್ರಶ್ನೆ ನೀವು ಕೇಳದಿದ್ದರೆ ವೈವಾದಲ್ಲಿ ಬೇರೆ ಯಾರೋ ಕೇಳುತ್ತಿದ್ದರು. ಆವತ್ತು ಸಂಜೆ ಏನೂ ಬುದ್ಧಿ ಹೇಳದೆ, ಸುಮ್ನೆ ಪಕ್ಕದಲ್ಲಿ ಕೂತು ನನ್ನ ತಟ್ಟೆಗಳಿಗೆ ಲೇಬಲ್ ಬರೆದುಕೊಟ್ಟಿರಲ್ಲ, ಅದಕ್ಕೂ ಥ್ಯಾಂಕ್ಸ್.

ಆಮೇಲಿನ ಎಂಟು ತಿಂಗಳು ಬರೀ ಮಖಮಲ್ ಬಟ್ಟೆ. ಒಂದು ತಟ್ಟೆಯ ಕಾಲೊನಿಗಳನ್ನು ಅದಕ್ಕೆ ಒತ್ತಿ ಇನ್ನೆರಡು ತಟ್ಟೆಗೆ, ಒಂದು ಗ್ಯಾಲಕ್ಟೋಸ್‌ದು, ಒಂದು ಗ್ಲೂಕೋಸ್‌ದು, ಅಚ್ಚು ಹಾಕಬೇಕು. ಪ್ರತಿ ಸಲ ಹೊಸದಾಗಿ ಆಟೋಕ್ಲೇವ್ ಆದ, ಅಂದರೆ ಬಿಸಿ ಆವಿಯಲ್ಲಿ ಕ್ರಿಮಿ ಕೊಂದ, ಬಟ್ಟೆಯೇ ಬೇಕು. ಬೆಳಗ್ಗೆ ಎಂಟಕ್ಕೆ ಫಾಯಿಲ್ ಸುತ್ತಿದ ಕಟ್ಟು ಇನ್ನೂ ಬೆಚ್ಚಗೆ ನನ್ನ ಬೆಂಚಿನ ಮೇಲಿರುತ್ತಿತ್ತು. ಆಟೋಕ್ಲೇವ್ ರೂಮಿನ ಅಣ್ಣ, ನೀವು ಒಂದು ದಿನವೂ ತಪ್ಪಿಸಲಿಲ್ಲ.

ಕೊನೆಗೆ ಮೂರು ಬಳೆ ಉಳಿದವು. ಅವಿದ್ದ ಯೀಸ್ಟ್ ಗ್ಯಾಲಕ್ಟೋಸ್‌ನಲ್ಲಿ ಬದುಕಿತು, ಗ್ಲೂಕೋಸ್‌ನಲ್ಲಿ ಸತ್ತಿತು. ಯೀಸ್ಟ್ ಸತ್ತದ್ದಕ್ಕೆ ನಾನು ಕುಣಿದದ್ದು ಅದೇ ಮೊದಲು.

ಅಕ್ಕಾ, ಮೈಸೂರು ಪಾಕ್ ಮತ್ತೆ ತಂದಿದ್ದೇನೆ. ನಿಮ್ಮ ಡಬ್ಬಿ ಇನ್‌ಕ್ಯುಬೇಟರ್ ಪಕ್ಕದ ಕಪಾಟಿನಲ್ಲಿದೆ.