ಆರೋಗ್ಯ ಸಚಿವರಿಗೆ ಬಹಿರಂಗ ಪತ್ರ: ಎರಡು ಡ್ಯೂಟಿ ನಡುವೆ 11 ಗಂಟೆ ಬಿಡುವು ಕೊಡಿ

ಮಾನ್ಯ ಸಚಿವರೇ, ನಮಸ್ಕಾರ.

ನಾನು ಎಮರ್ಜೆನ್ಸಿ ವಿಭಾಗದಲ್ಲಿ ನರ್ಸ್. ಇಷ್ಟು ವರ್ಷ ಸುಮ್ನಿದ್ದೆ, ಇನ್ನು ಆಗಲ್ಲ. ಮುಖ್ಯವಾಗಿ ಕೇಳುವುದು ಒಂದೇ. ಒಂದು ಡ್ಯೂಟಿ ಮುಗಿದ ಮೇಲೆ ಮುಂದಿನದಕ್ಕೆ ಕಡಿಮೆಯೆಂದರೂ 11 ಗಂಟೆ ಬಿಡುವು ಕೊಡಿ. ಯುರೋಪ್ ಒಕ್ಕೂಟದ 2003ರ ನಿಯಮದಲ್ಲೇ ಇದು ಇದೆ, ನಿಮಗೆ ಗೊತ್ತಿರುತ್ತದೆ.

ನನ್ನ ಜೊತೆಯವಳೊಬ್ಬಳು ರಾತ್ರಿಯಿಡೀ ಕೆಲಸ ಮಾಡಿದ್ದಳು. ಬೆಳಿಗ್ಗೆ ಡ್ಯೂಟಿ ವಹಿಸಿಕೊಳ್ಳಬೇಕಾದ ರಿಲೀವರ್ ಬರಲಿಲ್ಲ. ರೋಗಿಗಳನ್ನು ಬಿಟ್ಟು ಹೋಗುವುದಕ್ಕೆ ಆಗುತ್ತಾ? ಮಧ್ಯಾಹ್ನದವರೆಗೂ ನಿಂತಳು, ಮತ್ತೆ ರಾತ್ರಿ ಬಾ ಅಂದರು. ಮನೆಗೆ ಹೋಗುವಾಗ ಸ್ಕೂಟರ್ ಮೇಲೆ ಕಣ್ಣು ಮುಚ್ಚಿ ಹೋಗಿ ಡಿವೈಡರ್‌ಗೆ ಗುದ್ದಿದಳು. ಅವಳನ್ನು ನಮ್ಮಲ್ಲಿಗೇ ತಂದರು, ಹೊಲಿಗೆ ಹಾಕುವಾಗ ಪಕ್ಕದಲ್ಲಿ ನಿಂತವಳು ನಾನೇ. ಆ ರಾತ್ರಿಯ ಹಾಜರಿಯಲ್ಲಿ ಅವಳ ಹೆಸರಿನ ಮುಂದೆ ಏನು ಬರೆದರು ಗೊತ್ತಾ? ಗೈರುಹಾಜರು. ರಜೆ ಅರ್ಜಿ ಯಾಕೆ ಕೊಡಲಿಲ್ಲ ಅಂತ ನೋಟಿಸ್ ಬೇರೆ. ತಲೆಗೆ ಬ್ಯಾಂಡೇಜ್ ಸುತ್ತಿಕೊಂಡು ಮಲಗಿದವಳಿಗೆ ನೋಟಿಸ್! ಇದನ್ನು ನಾನು ಮರೆಯುವುದಿಲ್ಲ ಸ್ವಾಮಿ.

17 ಗಂಟೆ ನಿದ್ದೆಗೆಟ್ಟವರ ಚುರುಕು, ರಕ್ತದಲ್ಲಿ ಶೇ 0.05ರಷ್ಟು ಮದ್ಯ ಇರುವವರ ಮಟ್ಟಕ್ಕೆ ಇಳಿಯುತ್ತದೆ ಅಂತ 1997ರಲ್ಲೇ ಸಂಶೋಧಕರು ತೋರಿಸಿದ್ದಾರೆ. ಕುಡಿದು ಗಾಡಿ ಓಡಿಸಿದರೆ ದಂಡ ಹಾಕುತ್ತೀರಿ, ಆದರೆ ಅದೇ ಸ್ಥಿತಿಯಲ್ಲಿರುವ ನಮ್ಮ ಕೈಯಲ್ಲಿ ಇಂಜೆಕ್ಷನ್ ಕೊಡಿಸುತ್ತೀರಿ, ಆಂಬುಲೆನ್ಸ್ ಓಡಿಸುತ್ತೀರಿ. ರಾತ್ರಿ ಪಾಳಿಯಿಂದ ಕ್ಯಾನ್ಸರ್ ಬರುವ ಸಂಭವ ಇದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2007ರಲ್ಲಿ ಹೇಳಿತು, 2019ರಲ್ಲಿ ಮತ್ತೆ ಅದನ್ನೇ ಹೇಳಿತು. ನಿಮ್ಮ ಇಲಾಖೆಗೆ ಇದನ್ನು ನಾನು ಹೇಳಿಕೊಡಬೇಕಾ?

ನನ್ನ ಕಥೆಯೂ ಅಷ್ಟೇ. ಹಗಲಿನಲ್ಲಿ ಎಷ್ಟು ಮಲಗಿದರೂ ನಿದ್ದೆ ತುಂಬುವುದಿಲ್ಲ, ಬೆಳಕು ಬಂದ ಮೇಲೆ ದೇಹ ಏಳು ಅನ್ನುತ್ತದೆ. ಹೊತ್ತಲ್ಲದ ಹೊತ್ತಿನಲ್ಲಿ ಊಟ, ಹೊಟ್ಟೆ ಸದಾ ಉರಿ. ಮುಟ್ಟು ಏರುಪೇರಾಗಿದೆ. ಬಿಪಿ ಮಾತ್ರೆ ಶುರುವಾಗಿದೆ. ಮಗಳು ಶಾಲೆಯಿಂದ ಬಂದಾಗ ನಾನು ಮಲಗಿರುತ್ತೇನೆ, ಅವಳು ಮಲಗುವಾಗ ನಾನು ಹೊರಟಿರುತ್ತೇನೆ. ಸಣ್ಣದಕ್ಕೂ ಅವಳ ಮೇಲೆ ರೇಗುತ್ತೇನೆ, ಅದೇ ಜಾಸ್ತಿ ನೋವು.

ರಾತ್ರಿ ಕೆಲಸ ಬೇಡ ಅನ್ನುತ್ತಿಲ್ಲ. ಅಪಘಾತ ಹೊತ್ತು ನೋಡಿ ಆಗುವುದಿಲ್ಲ, ಯಾರಾದರೂ ಎಚ್ಚರ ಇರಲೇಬೇಕು. ಪಾಳಿ ಬದಲಿಸುವಾಗ ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಅನ್ನುವ ಕ್ರಮದಲ್ಲಿ ಮುಂದಕ್ಕೆ ಹಾಕಿ, ಹಿಂದಕ್ಕೆ ಎಳೆಯಬೇಡಿ. ರಿಲೀವರ್ ಬರದಿದ್ದರೆ ಬದಲಿ ಯಾರು ಅಂತ ಮೊದಲೇ ನಿಗದಿ ಮಾಡಿ. ಮತ್ತೆ ಆ 11 ಗಂಟೆ. ಸುತ್ತೋಲೆ, ಸಲಹೆ ಬೇಡ. ಮೀರಿದ ಆಸ್ಪತ್ರೆ ಉತ್ತರ ಕೊಡಲೇಬೇಕಾದ ಆದೇಶ ಬೇಕು. ಮುಂದಿನ ತಿಂಗಳ ರೋಸ್ಟರ್ ಅಂಟಿಸುವ ಮೊದಲೇ ಅದಕ್ಕೆ ಸಹಿ ಹಾಕಿ.

ಇಂತಿ,
ಒಬ್ಬ ಎಮರ್ಜೆನ್ಸಿ ನರ್ಸ್